ಇಳಿಜಾರು ತೋಟಕ್ಕೆ ಟ್ರ್ಯಾಕ್ಟರ್: ಖರೀದಿಗೆ ಮುನ್ನ ಮಾಡಬೇಕಾದ ಲೆಕ್ಕ

ಕೊಡಗು, ಚಿಕ್ಕಮಗಳೂರು ಭಾಗದ ತೋಟಗಳಿಗೆ 40ರಿಂದ 50 ಅಶ್ವಶಕ್ತಿಯ ಟ್ರ್ಯಾಕ್ಟರ್ ಕೊಳ್ಳುವವರು ಸಾಮಾನ್ಯವಾಗಿ ಅಶ್ವಶಕ್ತಿ ಮತ್ತು ಬೆಲೆಗಳನ್ನಷ್ಟೇ ಹೋಲಿಸುತ್ತಾರೆ. ಇಳಿಜಾರು ಜಮೀನಿಗೆ ಈ ಹೋಲಿಕೆ ಸಾಲದು.

ಉದಾಹರಣೆಗೆ, ಟ್ರ್ಯಾಕ್ಟರಿನ ತೂಕ 2 ಟನ್, ಸರಕು ಸಹಿತ ಟ್ರೈಲರಿನ ತೂಕ 4 ಟನ್ ಎಂದು ಭಾವಿಸೋಣ. 10 ಮೀಟರಿಗೆ 1 ಮೀಟರ್ ಏರುವ ದಾರಿಯಲ್ಲಿ ಏರಿಗಾಗಿಯೇ ಸುಮಾರು 600 ಕಿಲೋಗ್ರಾಂ ತೂಕದಷ್ಟು ಹೆಚ್ಚುವರಿ ಎಳೆತ ಬೇಕಾಗುತ್ತದೆ. ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ಇದಕ್ಕೆ ತಗಲುವುದು ಸುಮಾರು 13 ಅಶ್ವಶಕ್ತಿ ಮಾತ್ರ. ಅಂದರೆ, ಮಳೆಗಾಲದ ಜಾರುನೆಲದಲ್ಲಿ ಮೊದಲು ಸೋಲುವುದು ಎಂಜಿನ್ ಅಲ್ಲ, ಚಕ್ರದ ಹಿಡಿತ. ಇಳಿಯುವಾಗ ಅಷ್ಟೇ ಬಲ ವಾಹನವನ್ನು ಕೆಳಕ್ಕೆ ನೂಕುತ್ತದೆ; ಟ್ರೈಲರಿಗೆ ಬ್ರೇಕ್ ಇಲ್ಲದಿದ್ದಲ್ಲಿ ಇಡೀ ಭಾರವನ್ನು ಟ್ರ್ಯಾಕ್ಟರೇ ತಡೆಯಬೇಕಾಗುತ್ತದೆ.

ಆದುದರಿಂದ ಖರೀದಿದಾರರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಸೂಕ್ತ:

1. ನಾಲ್ಕೂ ಚಕ್ರಗಳಿಗೆ ಚಾಲನೆ.
2. ಚಕ್ರಗಳ ನಡುವೆ ಹೆಚ್ಚು ಅಗಲ. ಅಗಲ ಕಡಿಮೆಯಾದಷ್ಟೂ ಅಡ್ಡ ಇಳಿಜಾರಿನಲ್ಲಿ ಮಗುಚುವ ಸಂಭವ ಹೆಚ್ಚು.
3. ಆಯಿಲ್ ಬ್ರೇಕ್ ಹಾಗೂ ಟ್ರೈಲರಿಗೆ ಪ್ರತ್ಯೇಕ ಬ್ರೇಕ್.
4. ಚಾಲಕನನ್ನು ರಕ್ಷಿಸುವ ಉಕ್ಕಿನ ಚೌಕಟ್ಟು ಮತ್ತು ಸೀಟ್ ಬೆಲ್ಟ್. ಬೆಲ್ಟ್ ಧರಿಸದಿದ್ದಲ್ಲಿ ಚೌಕಟ್ಟಿನ ಪ್ರಯೋಜನ ದೊರೆಯದು.

ಇವುಗಳ ವೆಚ್ಚಕ್ಕೆ ದಾರಿಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರುಗಳ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. ತೆರಿಗೆಪೂರ್ವ ಬೆಲೆ ರೂ. 8 ಲಕ್ಷವಿದ್ದಲ್ಲಿ ಉಳಿತಾಯ ರೂ. 56,000. ಈ ಮೊತ್ತವನ್ನು ಹೆಚ್ಚಿನ ಅಶ್ವಶಕ್ತಿಗೆ ವ್ಯಯಿಸುವ ಬದಲು ಚಾಲಕನ ಜೀವರಕ್ಷಣೆಗೆ ವಿನಿಯೋಗಿಸುವುದು ಲೇಸು. ಮುಂಗಡ ಪಾವತಿಸುವ ಮುನ್ನ, ತಮ್ಮದೇ ತೋಟದ ಏರುದಾರಿಯಲ್ಲಿ ಅನುಭವಿ ಚಾಲಕನಿಂದ ಪರೀಕ್ಷಾ ಚಾಲನೆ ಮಾಡಿಸಿ ನೋಡತಕ್ಕದ್ದು.