ಬಚ್ಚಲೊಲೆಯ ಹಂಡೆ ಹೋಗಿ ಗೀಸರ್ ಬಂದಾಗ

ನರಕ ಚತುರ್ದಶಿಯ ಹಿಂದಿನ ಸಂಜೆ ಕನ್ನಡ ನಾಡಿನ ಮನೆಗಳಲ್ಲಿ ನೀರು ತುಂಬುವ ಹಬ್ಬ. ಬಚ್ಚಲುಮನೆಯನ್ನು ತೊಳೆದು, ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಮಾಲೆ ಸುತ್ತಿ, ಹೊಸ ನೀರು ತುಂಬಿ ಪೂಜಿಸುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ಕುಳಿತ ಮಕ್ಕಳ ತಲೆಯ ಮೇಲೆ ಆ ಹಂಡೆಯ ನೀರು ತಂಬಿಗೆ ತಂಬಿಗೆಯಾಗಿ ಬೀಳುತ್ತಿತ್ತು. ಸೌದೆ, ತೆಂಗಿನ ಮಟ್ಟೆ, ಅಡಕೆಯ ಸಿಪ್ಪೆ ಇವುಗಳಿಂದ ಉರಿಯುವ ಒಲೆಗೆ ವಿದ್ಯುತ್ತಿನ ಬಿಲ್ಲೂ ಇರಲಿಲ್ಲ, ನೀರಿಗೆ ಬರವೂ ಇರಲಿಲ್ಲ.

ಉದ್ಯೋಗವನ್ನರಸಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆನಿಂತ ಕನ್ನಡಿಗರ ಮನೆಗಳಲ್ಲಿ ಹಂಡೆಗೆ ಎಡೆಯಿಲ್ಲ, ಹೊಗೆಗೆ ದಾರಿಯಿಲ್ಲ. ನಾಲ್ಕಡಿ ಅಗಲದ ಸ್ನಾನದ ಕೋಣೆಯ ಗೋಡೆಯ ಮೇಲೆ ಗೀಸರ್ ಬಂದು ಕುಳಿತಿದೆ. ಅದನ್ನು ಕೊಳ್ಳುವ ಬಗೆಯಾದರೂ ಹೇಗೆ? ಅಂಗಡಿಯವನು ತೋರಿಸಿದ ಬಣ್ಣ, ನೆರೆಮನೆಯವರ ಮಾತು, ಹಬ್ಬದ ರಿಯಾಯಿತಿ ಇಷ್ಟರಿಂದಲೇ ಹಲವರ ಆಯ್ಕೆ ಮುಗಿದುಹೋಗುತ್ತದೆ. ನೀರು ಮತ್ತು ವಿದ್ಯುತ್ತು ಒಂದೇ ಕಡೆ ಸೇರುವ ಈ ಉಪಕರಣದ ವಿಷಯದಲ್ಲಿ ಅಷ್ಟು ಸಾಲದು. ಹಣಕ್ಕಿಂತ ಹೆಚ್ಚಾಗಿ ಇಲ್ಲಿ ಪ್ರಾಣದ ಪ್ರಶ್ನೆಯಿದೆ.

ಎರಡು ಬಗೆಯ ಗೀಸರ್‌ಗಳು

ವಿದ್ಯುತ್ ಗೀಸರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸಂಗ್ರಹ ಗೀಸರ್. ಶಾಖ ಸೋರದಂತೆ ಹೊದಿಕೆಯುಳ್ಳ 6, 10, 15 ಅಥವಾ 25 ಲೀಟರಿನ ತೊಟ್ಟಿಯಲ್ಲಿ ನೀರು ನಿಧಾನವಾಗಿ ಕಾಯುತ್ತದೆ. ಇದರ ಶಕ್ತಿ ಸಾಮಾನ್ಯವಾಗಿ 2 ಕಿಲೋವಾಟ್. ಎರಡನೆಯದು ತತ್‌ಕ್ಷಣ ಗೀಸರ್. ಅಂಗಡಿಗಳಲ್ಲಿ ಇದನ್ನು ‘ಇನ್‌ಸ್ಟಂಟ್’ ಎನ್ನುತ್ತಾರೆ. ನೀರು ಹರಿದುಹೋಗುವಾಗಲೇ ಇಲ್ಲಿ ಕಾಯಬೇಕು. ಪಾಶ್ಚಾತ್ಯ ದೇಶಗಳಲ್ಲಿ ಇಂಥವಕ್ಕೆ ತೊಟ್ಟಿಯೇ ಇರುವುದಿಲ್ಲ. ಭಾರತದಲ್ಲಿ ಮಾರಾಟವಾಗುವ ಬಹುಪಾಲು ತತ್‌ಕ್ಷಣ ಗೀಸರ್‌ಗಳಲ್ಲಿ 1 ಅಥವಾ 3 ಲೀಟರಿನ ಚಿಕ್ಕ ಪಾತ್ರೆಯೊಂದಿದ್ದು, ಅದರೊಳಗೆ 3 ಅಥವಾ 4.5 ಕಿಲೋವಾಟಿನ ಶಾಖದ ಸುರುಳಿ ಇರುತ್ತದೆ.

ತತ್‌ಕ್ಷಣ ಗೀಸರ್‌ನ ಗುಣಗಳು ಎದ್ದು ಕಾಣುವಂಥವು. ಬೆಲೆ ಕಡಿಮೆ, ಜಾಗ ಕಡಿಮೆ, ಕಾಯುವ ಹೊತ್ತು ಕಡಿಮೆ. ಕಾಯಿಸಿಟ್ಟ ನೀರು ಬಳಸದೆ ತಣ್ಣಗಾಗುವ ನಷ್ಟವೂ ಇಲ್ಲ. ಆದರೆ ಅದು ಕಡಿಮೆ ಹೊತ್ತಿನಲ್ಲಿ ಹೆಚ್ಚು ವಿದ್ಯುತ್ತನ್ನು ಬೇಡುತ್ತದೆ. ಆ ಬೇಡಿಕೆಯನ್ನು ಮನೆಯ ತಂತಿಗಳು ಪೂರೈಸಬಲ್ಲವೇ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.

ಒಂದು ಸಣ್ಣ ಲೆಕ್ಕ

ಶಾಲೆಯಲ್ಲಿ ಕಲಿತ ಭೌತಶಾಸ್ತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ನಿಮಿಷಕ್ಕೆ ಎಷ್ಟು ಲೀಟರ್ ನೀರು ಬೇಕು, ಅದರ ಉಷ್ಣತೆ ಎಷ್ಟು ಡಿಗ್ರಿ ಏರಬೇಕು ಎಂಬ ಎರಡು ಸಂಖ್ಯೆಗಳನ್ನು ಗುಣಿಸಿ, ಬಂದುದನ್ನು 0.07ರಿಂದ ಗುಣಿಸಿದರೆ ಬೇಕಾದ ಕಿಲೋವಾಟ್ ಸಿಗುತ್ತದೆ. 3 ಕಿಲೋವಾಟಿನ ಗೀಸರ್ ನಿಮಿಷಕ್ಕೆ 1 ಲೀಟರ್ ನೀರನ್ನು ಸುಮಾರು 43 ಡಿಗ್ರಿ ಏರಿಸಬಲ್ಲದು. 2 ಲೀಟರಾದರೆ 21 ಡಿಗ್ರಿ, 3 ಲೀಟರಾದರೆ 14 ಡಿಗ್ರಿ ಮಾತ್ರ.

ಸ್ನಾನಕ್ಕೆ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಹಿತಕರ. ಮುಂಬಯಿಯಲ್ಲಿ ನಲ್ಲಿಯ ನೀರು 25 ಡಿಗ್ರಿ ಇದ್ದಿತೆಂದುಕೊಂಡರೆ ಏರಬೇಕಾದುದು 15 ಡಿಗ್ರಿ. 3 ಕಿಲೋವಾಟಿನ ಗೀಸರ್‌ನಿಂದ 15 ಲೀಟರಿನ ಬಕೆಟ್ ಐದು ನಿಮಿಷಕ್ಕೆ ತುಸು ಹೆಚ್ಚು ಹೊತ್ತಿನಲ್ಲಿ ತುಂಬುತ್ತದೆ. ಇದು ತೃಪ್ತಿಕರವೇ ಸರಿ. ಆದರೆ ದಿಲ್ಲಿಯ ಜನವರಿಯಲ್ಲಿ ಮಾಳಿಗೆಯ ಟ್ಯಾಂಕಿನಿಂದ ಇಳಿಯುವ ನೀರು 12 ಡಿಗ್ರಿ ಇದ್ದಿತೆಂದರೆ 28 ಡಿಗ್ರಿ ಏರಬೇಕು. ಅದೇ ಬಕೆಟಿಗೆ ಆಗ ಸುಮಾರು ಹತ್ತು ನಿಮಿಷ ಬೇಕು. ಶಾಲೆಗೂ ಕಚೇರಿಗೂ ಒಟ್ಟಿಗೆ ಹೊರಡುವ ಐವರ ಸಂಸಾರದಲ್ಲಿ ಕೊನೆಯವನ ಸರದಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತದೆ. ಮುಂಬಯಿಯ ಬಂಧುಗಳು ಹೊಗಳಿದ ಗೀಸರನ್ನು ದಿಲ್ಲಿಯವರು ಕೊಂಡು ಬೇಸರಪಡುವುದಕ್ಕೆ ಇದೇ ಕಾರಣ.

‘ಮೊದಲು ಕೊತಕೊತ ಬಿಸಿ, ಆಮೇಲೆ ಉಗುರುಬೆಚ್ಚಗೆ’ ಎಂಬ ದೂರಿನ ಮೂಲವೂ ಇಲ್ಲಿಯೇ ಇದೆ. ಪಾತ್ರೆಯಲ್ಲಿ ನಿಂತು ಕಾದಿದ್ದ 3 ಲೀಟರ್ ನೀರು ಮೊದಲು ಬರುತ್ತದೆ. ಆನಂತರ ಬರುವುದು ಹರಿಯುತ್ತ ಕಾದ ನೀರು. ನಲ್ಲಿಯನ್ನು ಸಣ್ಣಗೆ ತಿರುಗಿಸಿಟ್ಟುಕೊಳ್ಳುವುದೇ ಇದಕ್ಕೆ ಪರಿಹಾರ. ಷವರ್ ಪ್ರಿಯರಿಗಂತೂ ಈ ಗೀಸರ್ ನಿರಾಶೆಯನ್ನೇ ತರುತ್ತದೆ. ನಿಮಿಷಕ್ಕೆ 8 ಲೀಟರ್ ಸುರಿಯುವ ಷವರ್‌ಗೆ ಮುಂಬಯಿಯಲ್ಲೇ 8 ಕಿಲೋವಾಟಿಗಿಂತ ಹೆಚ್ಚು, ದಿಲ್ಲಿಯ ಚಳಿಯಲ್ಲಿ ಸುಮಾರು 16 ಕಿಲೋವಾಟ್ ಬೇಕಾಗುತ್ತದೆ. ಜರ್ಮನಿಯ ಮನೆಗಳಲ್ಲಿ 18, 21, 24 ಕಿಲೋವಾಟಿನ ತತ್‌ಕ್ಷಣ ಗೀಸರ್‌ಗಳು ಮೂರು ಫೇಸಿನ ವಿದ್ಯುತ್ತಿನಿಂದ ನಡೆಯುತ್ತವೆ. ಒಂದೇ ಫೇಸಿನ ಸಾಮಾನ್ಯ ಫ್ಲ್ಯಾಟಿನಲ್ಲಿ ಅದನ್ನು ಅನುಕರಿಸುವಂತಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬೇಕು. 3 ಕಿಲೋವಾಟಿನದು 2 ಕಿಲೋವಾಟಿನದಕ್ಕಿಂತ ಹೆಚ್ಚು ಬಿಲ್ಲು ತರುತ್ತದೆಂಬುದು ಸರಿಯಲ್ಲ. ಅಷ್ಟೇ ನೀರನ್ನು ಅಷ್ಟೇ ಡಿಗ್ರಿ ಕಾಯಿಸಲು ಎರಡಕ್ಕೂ ಬೇಕಾದ ವಿದ್ಯುತ್ತು ಒಂದೇ: ಮೇಲಿನ ಬಕೆಟಿಗೆ ಮುಂಬಯಿಯಲ್ಲಿ ಸುಮಾರು ಕಾಲು ಯೂನಿಟ್, ದಿಲ್ಲಿಯಲ್ಲಿ ಅರ್ಧ ಯೂನಿಟ್. ಉಳಿತಾಯವಾಗುವುದು ತೊಟ್ಟಿಯಿಂದ ಸೋರಿಹೋಗುವ ಶಾಖ ಮಾತ್ರ. ಇಡೀ ದಿನ ಸ್ವಿಚ್ ಹಾಕಿಯೇ ಇಡುವ ಮನೆಯಲ್ಲಿ ಈ ಸೋರಿಕೆ ದೊಡ್ಡದು. ಅರ್ಧ ಗಂಟೆ ಮೊದಲು ಹಾಕಿ, ಸ್ನಾನಕ್ಕೆ ಮುನ್ನ ಆರಿಸುವ ಮನೆಯಲ್ಲಿ ಅಲ್ಪ. ಸಂಗ್ರಹ ಗೀಸರ್ ಕೊಳ್ಳುವವರು ನಕ್ಷತ್ರಗಳ ಗುರುತನ್ನು ನೋಡುವುದು ಇದಕ್ಕಾಗಿಯೇ.

ಗೋಡೆಯೊಳಗಿನ ತಂತಿ

230 ವೋಲ್ಟಿನಲ್ಲಿ 3 ಕಿಲೋವಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಫ್ಯಾನು, ದೀಪಗಳ ಚಿಕ್ಕ ಪ್ಲಗ್ಗಿಗೆ ಇದನ್ನು ಜೋಡಿಸುವುದು ಅಪಾಯವನ್ನು ಕರೆದು ಕೂರಿಸಿದಂತೆ. 16 ಆಂಪಿಯರಿನ ಸಾಕೆಟ್, ಮುಖ್ಯ ಫಲಕದಿಂದ ನೇರವಾಗಿ ಬಂದ 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಅದಕ್ಕೇ ಮೀಸಲಾದ ಎಂ.ಸಿ.ಬಿ. ಇರುವುದು ಕ್ಷೇಮ. 4.5 ಕಿಲೋವಾಟಿನ ಗೀಸರ್ ಸುಮಾರು 20 ಆಂಪಿಯರ್ ಎಳೆಯುವುದರಿಂದ ಅದನ್ನು 16 ಆಂಪಿಯರಿನ ಪ್ಲಗ್ಗಿಗೆ ಜೋಡಿಸಲೇಬಾರದು. ಎಕ್ಸ್‌ಟೆನ್ಷನ್ ತಂತಿಯ ಬಳಕೆ ಯಾವುದಕ್ಕೂ ಸಲ್ಲದು. ವಿದ್ಯುತ್ ಬಿಲ್ಲಿನಲ್ಲಿ ನಮೂದಾಗಿರುವ ಮಂಜೂರಾದ ಲೋಡ್ ಎಷ್ಟೆಂಬುದನ್ನೂ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಅದು 3 ಕಿಲೋವಾಟ್ ಇದ್ದಲ್ಲಿ ಗೀಸರ್ ಒಂದೇ ಅದನ್ನು ನುಂಗಿಬಿಡುತ್ತದೆ.

ಹಳೆಯ ಚಾಳುಗಳಲ್ಲಿ, ಬಾಡಿಗೆ ಮನೆಗಳಲ್ಲಿ ಅರ್ಥಿಂಗ್ ತಂತಿ ಇರದಿರುವುದುಂಟು. ಪ್ಲಗ್ಗಿಗೆ ಮೂರು ರಂಧ್ರಗಳಿವೆಯೆಂದ ಮಾತ್ರಕ್ಕೆ ಅರ್ಥಿಂಗ್ ಇದೆಯೆಂದು ನಂಬಲಾಗದು. ಗೀಸರಿನೊಳಗಿನ ಸುರುಳಿಯ ಕವಚ ಬಿರುಕುಬಿಟ್ಟರೆ ವಿದ್ಯುತ್ತು ನೇರವಾಗಿ ನೀರಿಗೆ ಇಳಿಯುತ್ತದೆ. ಒದ್ದೆ ಮೈ ವಿದ್ಯುತ್ತಿಗೆ ಒಡ್ಡುವ ತಡೆ ಬಲು ಕಡಿಮೆ. ಆಂಪಿಯರಿನ ಒಂದು ಸಣ್ಣ ಭಿನ್ನಾಂಶವೇ ಎದೆಯ ಮೂಲಕ ಹರಿದು ಹೃದಯದ ಬಡಿತವನ್ನು ಕೆಡಿಸಬಲ್ಲದು. ಎಂ.ಸಿ.ಬಿ. ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು 30 ಮಿಲಿ ಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬ ಸಾಧನ. ಗೀಸರ್ ಬೆಲೆಯನ್ನು ಲೆಕ್ಕ ಹಾಕುವಾಗ ಇದರ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕತಕ್ಕದ್ದು. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಆಗಾಗ್ಗೆ ಒತ್ತಿ, ಕೆಲಸ ಮಾಡುವುದೆಂದು ಖಚಿತಪಡಿಸಿಕೊಳ್ಳಬೇಕು.

ಇವೆಲ್ಲಕ್ಕಿಂತ ಸುಲಭವಾದ, ಕಾಸಿಲ್ಲದ ರಕ್ಷಣೆ ಒಂದಿದೆ. ಬಕೆಟ್ ತುಂಬಿಸಿ, ಸ್ವಿಚ್ ಆರಿಸಿ, ಅನಂತರವೇ ಸ್ನಾನಕ್ಕೆ ಇಳಿಯುವುದು. ಸ್ವಿಚ್ ಸ್ನಾನದ ಕೋಣೆಯ ಹೊರಗಿದ್ದರೆ ಉತ್ತಮ. ಬಕೆಟಿನಲ್ಲಿ ಇಳಿಬಿಡುವ ಹೀಟರ್ ರಾಡ್ ಅಗ್ಗವೆಂದು ಅದನ್ನೇ ನೆಚ್ಚಿಕೊಂಡ ಮನೆಗಳಲ್ಲಿ, ನೀರು ಕಾದಿದೆಯೇ ಎಂದು ಕೈಯಿಟ್ಟು ನೋಡಿ ಪ್ರಾಣ ಕಳೆದುಕೊಂಡವರಿದ್ದಾರೆ ಎಂಬುದನ್ನು ಮರೆಯಬಾರದು.

ನೀರಿನ ಒತ್ತಡ, ನೀರಿನ ಗಡಸು

ನೀರಿನ ಕಂಬ 10 ಮೀಟರ್ ಎತ್ತರವಿದ್ದರೆ ಅದರ ಒತ್ತಡ ಸುಮಾರು 1 ಬಾರ್. ಇಪ್ಪತ್ತು ಅಂತಸ್ತಿನ ಕಟ್ಟಡದ ಕೆಳಮನೆಗೆ ಮಾಳಿಗೆಯ ಟ್ಯಾಂಕು 60 ಮೀಟರ್ ಮೇಲಿದ್ದರೆ, ನಡುವೆ ಒತ್ತಡ ತಗ್ಗಿಸುವ ಕವಾಟವಿಲ್ಲದಾಗ, ಅಲ್ಲಿಯ ಗೀಸರ್ 6 ಬಾರ್ ತಡೆಯಬೇಕು. ಗೀಸರಿನ ಮೇಲೆ ನಮೂದಿಸಿರುವ ಒತ್ತಡದ ಸಂಖ್ಯೆಯನ್ನು ಓದದೆ ಕೊಂಡರೆ ಪಾತ್ರೆ ಸೋರುವುದು, ಕೊನೆಗೆ ಒಡೆಯುವುದು ಆಶ್ಚರ್ಯವಲ್ಲ. ಟ್ಯಾಂಕಿನ ಅಡಿಯಲ್ಲೇ ಇರುವ ಮೇಲಿನ ಅಂತಸ್ತಿನವರಿಗೆ ತದ್ವಿರುದ್ಧದ ತೊಂದರೆ: ಒತ್ತಡ ಸಾಲದು, ನೀರು ಸಣ್ಣಗೆ ಬಂದು ಅತಿಯಾಗಿ ಕಾಯುತ್ತದೆ. ನೀರು ನಿಂತುಹೋದಾಗ ತಾನಾಗಿ ಆರುವ ಥರ್ಮಲ್ ಕಟ್‌ಔಟ್ ಇರಲೇಬೇಕು. ಒತ್ತಡ ಬಿಡುಗಡೆಯ ಕವಾಟ ಇರುವ ಗೀಸರಿನಲ್ಲಿ ಅದರ ಬಾಯನ್ನು ತೊಟ್ಟಿಕ್ಕುತ್ತದೆಂದು ಮುಚ್ಚಬಾರದು.

ಚೆನ್ನೈ, ಹೈದರಾಬಾದುಗಳ ಅನೇಕ ಬಡಾವಣೆಗಳಲ್ಲಿ ಕೊಳವೆ ಬಾವಿಯ ನೀರೋ ಟ್ಯಾಂಕರ್ ನೀರೋ ಬರುತ್ತದೆ. ಇಂಥ ಗಡಸು ನೀರು ಕಾದಾಗ ಸುಣ್ಣದ ಪದರ ಸುರುಳಿಗೆ ಅಂಟಿಕೊಳ್ಳುತ್ತದೆ. ಶಾಖ ನೀರಿಗೆ ಹೋಗದೆ ಸುರುಳಿಯಲ್ಲೇ ಉಳಿದು, ಅದು ಬೇಗ ಸುಟ್ಟುಹೋಗುತ್ತದೆ. ಅಂಥ ಕಡೆಗಳಲ್ಲಿ ವರ್ಷಕ್ಕೊಮ್ಮೆ ಬಿಚ್ಚಿ ಶುಚಿಮಾಡಿಸುವುದು ಅಗತ್ಯ. ಮುಂಬಯಿಯ ಕೆರೆಗಳ ನೀರು ಮೃದುವಾದುದರಿಂದ ಅಲ್ಲಿಯವರಿಗೆ ಈ ಚಿಂತೆ ಕಡಿಮೆ.

ಬಿಸಿನೀರು ಮತ್ತು ಆರೋಗ್ಯ

ಬಿಸಿನೀರು ಹಿತವೂ ಹೌದು, ಅಪಾಯವೂ ಹೌದು. 60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು. ಮಕ್ಕಳ ಮತ್ತು ವೃದ್ಧರ ತೆಳುವಾದ ಚರ್ಮಕ್ಕೆ ಅಷ್ಟು ಹೊತ್ತೂ ಬೇಡ. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ನಿಯಮವನ್ನು ಮನೆಯಲ್ಲಿ ಪಾಲಿಸಬೇಕು. ಮಧುಮೇಹ ಹಳೆಯದಾದವರ ಕಾಲಿನ ನರಗಳು ಬಿಸಿಯನ್ನು ಅರಿಯದೆ ಹೋಗುತ್ತವೆ. ಅಂಥವರು ಕಾಲನ್ನು ನೀರಿಗಿಡುವ ಮೊದಲು ಬೇರೊಬ್ಬರ ಕೈಯಲ್ಲಿ ಪರೀಕ್ಷಿಸಿಕೊಳ್ಳುವುದು ಮೇಲು. ರಕ್ತದೊತ್ತಡಕ್ಕೆ ಔಷಧಿ ಸೇವಿಸುವವರು ಬಹಳ ಬಿಸಿಯಾದ ನೀರಿನಲ್ಲಿ ಹೆಚ್ಚು ಹೊತ್ತು ಮಿಂದು ಥಟ್ಟನೆ ಎದ್ದರೆ ರಕ್ತನಾಳಗಳು ಹಿಗ್ಗಿ ತಲೆಸುತ್ತು ಬರಬಹುದು.

ಸಂಗ್ರಹ ಗೀಸರ್‌ನಲ್ಲಿ ದಿನಗಟ್ಟಲೆ ನಿಂತ ಉಗುರುಬೆಚ್ಚನೆಯ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಅದರ ತುಂತುರು ಉಸಿರಿನೊಡನೆ ಒಳಹೋದರೆ ನ್ಯುಮೋನಿಯಾ ತರಬಲ್ಲದು. ಊರಿಗೆ ಹೋಗಿ ಬಂದ ಮೇಲೆ ನೀರನ್ನು ಒಮ್ಮೆ 60 ಡಿಗ್ರಿಗೆ ಕಾಯಿಸಿ ಹರಿಯಬಿಟ್ಟು ಬಳಸುವುದು ಒಳ್ಳೆಯದು. ನೀರು ಹೆಚ್ಚು ನಿಲ್ಲದ ತತ್‌ಕ್ಷಣ ಗೀಸರಿನಲ್ಲಿ ಈ ಭಯ ಕಡಿಮೆ.

ವಿದ್ಯುತ್ತಿನ ತಾಪತ್ರಯವೇ ಬೇಡವೆಂದು ಗ್ಯಾಸ್ ಗೀಸರ್ ಹಾಕಿಸುವವರಿಗೆ ಒಂದು ಎಚ್ಚರಿಕೆ. ಗಾಳಿಯಾಡದ ಚಿಕ್ಕ ಕೋಣೆಯಲ್ಲಿ ಅನಿಲ ಅರೆಬೆಂದು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಎಚ್ಚರದಪ್ಪಿ ಬಿದ್ದು, ಹೊರಗಿನವರಿಗೆ ತಿಳಿಯುವಷ್ಟರಲ್ಲಿ ಕಾಲ ಮೀರಿದ ಉದಾಹರಣೆಗಳು ಅನೇಕ. ಗ್ಯಾಸ್ ಗೀಸರ್ ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವ ಜಾಗದಲ್ಲೇ ಇರತಕ್ಕದ್ದು.

ಯಾರಿಗೆ ಯಾವುದು?

ಮುಂಬಯಿ, ಚೆನ್ನೈಗಳಲ್ಲಿ ಬಕೆಟ್ ಸ್ನಾನದಿಂದ ತೃಪ್ತರಾಗುವ ಇಬ್ಬರು ಮೂವರ ಸಂಸಾರಕ್ಕೆ, ಅಡುಗೆಮನೆಯ ಪಾತ್ರೆ ತೊಳೆಯುವ ಕೆಲಸಕ್ಕೆ, 3 ಕಿಲೋವಾಟಿನ ತತ್‌ಕ್ಷಣ ಗೀಸರ್ ಸಾಕು. ಪುಣೆ, ಹೈದರಾಬಾದುಗಳಲ್ಲಿ ನಾಲ್ವರಿದ್ದರೆ 15 ಲೀಟರಿನ ಸಂಗ್ರಹ ಗೀಸರ್ ಅನುಕೂಲ. ದಿಲ್ಲಿಯ ಚಳಿಗೆ 25 ಲೀಟರಿನದೇ ಲೇಸು. 60 ಡಿಗ್ರಿಗೆ ಕಾದ ಆ ನೀರು ತಣ್ಣೀರಿನೊಡನೆ ಬೆರೆತು ಎರಡೂವರೆ ಬಕೆಟಿಗೂ ಮಿಗಿಲಾಗುತ್ತದೆ. ಷವರ್ ಇಷ್ಟಪಡುವವರಿಗೆ ಯಾವ ಊರಿನಲ್ಲಾದರೂ ಸಂಗ್ರಹ ಗೀಸರೇ ಗತಿ. ಯಾವುದನ್ನು ಕೊಂಡರೂ ಐ.ಎಸ್.ಐ. ಗುರುತನ್ನು ನೋಡಬೇಕು. ತತ್‌ಕ್ಷಣ ಗೀಸರಿಗೆ ಭಾರತೀಯ ಮಾನಕ 8978, ಸಂಗ್ರಹ ಗೀಸರಿಗೆ 2082 ಎಂಬ ಸಂಖ್ಯೆಗಳಿವೆ.

ಮಗಳ ಬಾಣಂತನಕ್ಕೆಂದು ತಾಯಿ ಊರಿನಿಂದ ಬಂದಾಗ ಎಲ್ಲ ಲೆಕ್ಕವೂ ಬದಲಾಗುತ್ತದೆ. ಬಾಣಂತಿಗೂ ಕೂಸಿಗೂ ಎಣ್ಣೆನೀರು ಎಂದರೆ ನಾಲ್ಕೈದು ಬಕೆಟ್ ಬಿಸಿನೀರು ಒಟ್ಟಿಗೆ ಬೇಕು. ‘ಈ ನಲ್ಲಿಯ ಸಣ್ಣ ಧಾರೆಯಲ್ಲಿ ಯಾವ ಸ್ನಾನವಮ್ಮ?’ ಎಂದು ಆ ಹಿರಿಯ ಜೀವ ಕೇಳಿದರೆ ತಪ್ಪೇನಿಲ್ಲ. ಅಂಥ ನಾಲ್ಕು ತಿಂಗಳ ಅಗತ್ಯವನ್ನು ಮುಂಗಂಡು 25 ಲೀಟರಿನದನ್ನು ಹಾಕಿಸುವವರು ಜಾಣರು. ಆದರೆ ಕೂಸಿನ ನೀರಿನ ಬಿಸಿಯನ್ನು ಅಳೆಯಲು ಅಜ್ಜಿಯ ಮೊಣಕೈಗಿಂತ ಮಿಗಿಲಾದ ಉಪಕರಣ ಬೇಕಿಲ್ಲ.

ಹಂಡೆಯನ್ನು ಬೆಳಗಿ, ಒಲೆಯ ಬೂದಿ ತೆಗೆದು, ಮರುದಿನಕ್ಕೆ ಸೌದೆ ಒಟ್ಟಿಡುತ್ತಿದ್ದ ಹೆಂಗಸರು ಬೆಂಕಿಯನ್ನೂ ನೀರನ್ನೂ ಗೌರವದಿಂದ ಕಂಡವರು. ನೀರು ತುಂಬುವ ಹಬ್ಬದ ದಿನ ಮಹಾನಗರದ ಮನೆಯಲ್ಲಿ ಬಕೆಟಿಗೇ ಅರಿಸಿನ-ಕುಂಕುಮ ಹಚ್ಚಬೇಕಾಗಿ ಬಂದರೂ ಆ ಗೌರವ ಉಳಿಯಬೇಕು. ಅಂದೇ ಒಬ್ಬ ಬಲ್ಲ ಎಲೆಕ್ಟ್ರಿಷಿಯನ್ನನನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಿಕೊಂಡರೆ, ಮರುದಿನದ ಅಭ್ಯಂಜನ ಮನೆಮಂದಿಗೆಲ್ಲ ನಿಶ್ಚಿಂತೆಯ ಸ್ನಾನವಾದೀತು.