ಕೋವಿ ಕೊಳ್ಳುವ ಮುನ್ನ

ತೋಟಕ್ಕೆ ಕಾಡುಹಂದಿ ನುಗ್ಗಿದ ಮರುದಿನ ನಮ್ಮ ಸಂಘದ ಕಚೇರಿಯಲ್ಲಿ ಕೋವಿಯ ಮಾತು ಏಳುವುದು ವಾಡಿಕೆ. ಬಾಳೆ, ಅಡಿಕೆ ಸಸಿಗಳು ಬುಡಮೇಲಾದುದನ್ನು ಕಂಡವರ ಹೊಟ್ಟೆಯುರಿ ನಮಗೆ ತಿಳಿಯದ್ದೇನಲ್ಲ. ಆದರೆ ಸಿಟ್ಟಿನಲ್ಲಿ ಕೊಂಡ ಕೋವಿಗೂ ಯೋಚಿಸಿ ಕೊಂಡ ಕೋವಿಗೂ ಬಹಳ ಅಂತರವಿದೆ. ಅದನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಸಿಟ್ಟಿಗೆದ್ದವರು ಪರವಾನಗಿಯಿಲ್ಲದ ನಾಡಕೋವಿಯನ್ನು ಗುಟ್ಟಾಗಿ ತರಿಸುವುದುಂಟು. 1959ರ ಆಯುಧ ಕಾಯಿದೆಯಂತೆ ಇದು ಜೈಲಿನ ದಾರಿ. ನಳಿಗೆ ಸಿಡಿದು ಕೈಯೋ ಕಣ್ಣೋ ಹೋಗುವ ಭಯ ಬೇರೆ. ಇನ್ನು ಕೆಲವರು ನೆರೆಯವರಲ್ಲಿ ಇದೆಯೆಂಬ ಒಂದೇ ಕಾರಣಕ್ಕೆ ಅರ್ಜಿ ಹಾಕುತ್ತಾರೆ.

ಯೋಚಿಸುವವರು ಮೊದಲು ಕೋವಿ ಯಾತಕ್ಕೆಂದು ಕೇಳಿಕೊಳ್ಳಬೇಕು. ಪರವಾನಗಿ ದೊರೆತ ಮಾತ್ರಕ್ಕೆ ಕಾಡುಪ್ರಾಣಿಯನ್ನು ಕೊಲ್ಲುವ ಹಕ್ಕು ಬಂದಂತಲ್ಲ; ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ಹೆದರಿಸಿ ಓಡಿಸುವುದಷ್ಟೇ ಉದ್ದೇಶವಾದರೆ ಪಟಾಕಿ, ನಾಯಿ, ಬೇಲಿಗಳ ಖರ್ಚನ್ನೂ ಲೆಕ್ಕ ಹಾಕಿ ನೋಡಬೇಕು.

ಆದರೂ ಬೇಕೆಂದಾದರೆ ಅರ್ಜಿಯನ್ನು ಜಿಲ್ಲಾಧಿಕಾರಿಗಳಿಗೆ ಸಲ್ಲಿಸಬೇಕು. ಪೊಲೀಸ್ ವರದಿಯ ನಂತರ ತೀರ್ಮಾನವಾಗುತ್ತದೆ. ಬೆಳೆ ರಕ್ಷಣೆಗೆ ಕಾಯಿದೆ ಮೊದಲು ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗಳಿಗೆ ಮನವರಿಕೆಯಾದರೆ ತೋಟೆ ಕೋವಿಗೂ ಅವಕಾಶವಿದೆ. 2019ರ ತಿದ್ದುಪಡಿಯಂತೆ ಒಬ್ಬರಿಗೆ ಹೆಚ್ಚೆಂದರೆ ಎರಡು ಕೋವಿ. ಪರವಾನಗಿಯ ಅವಧಿ ಐದು ವರ್ಷ. ನವೀಕರಣದ ಓಡಾಟ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ಕೆಲಸ, ಬೀಗವಿರುವ ಕಬ್ಬಿಣದ ಬೀರು, ತೋಟೆಗಳಿಗೆ ಪ್ರತ್ಯೇಕ ಪೆಟ್ಟಿಗೆ, ಇವೆಲ್ಲವೂ ಕೋವಿಯ ಬೆಲೆಯಲ್ಲೇ ಸೇರಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಪರವಾನಗಿಯಿಂದ ವಿನಾಯಿತಿ ಇದೆ. ಜೋಪಾನದ ಹೊಣೆಯಿಂದ ಯಾರಿಗೂ ವಿನಾಯಿತಿ ಇಲ್ಲ.

ಕೊನೆಯ ಪ್ರಶ್ನೆ ಮನೆಯೊಳಗಿನದು. ಮಕ್ಕಳಿದ್ದಾರೆಯೇ? ಕುಡಿತವೋ ಜಗಳವೋ ಇದೆಯೇ? ಸಾಲದ ಚಿಂತೆಯಲ್ಲಿ ಮಾತು ಬಿಟ್ಟು ಕುಳಿತವರಿದ್ದಾರೆಯೇ? ಇದ್ದರೆ ಕೋವಿಯ ಮಾತನ್ನೇ ಮುಂದೂಡಬೇಕು. ಈಗಾಗಲೇ ಇರುವ ಕೋವಿಯನ್ನು ಠಾಣೆಯಲ್ಲೋ ಪರವಾನಗಿಯುಳ್ಳ ಅಂಗಡಿಯಲ್ಲೋ ಠೇವಣಿ ಇಡಬೇಕು.

ನಾವೂ ಹಿಂದೆ ಸಿಟ್ಟಿನಲ್ಲೇ ಅರ್ಜಿ ಬರೆದವರು. ವರದಿಗೆ ಕಾಯುವಷ್ಟರಲ್ಲಿ ತಿಂಗಳುಗಳು ಉರುಳಿದವು. ಆ ನಡುವೆ ಕಾಡಿನಂಚಿಗೆ ಸೌರ ಬೇಲಿ ಹಾಕಿಸಿದೆವು, ಹಂದಿಯ ಕಾಟ ಇಳಿಯಿತು, ಅರ್ಜಿ ಹಿಂದಕ್ಕೆ ಪಡೆದೆವು. ಮುಂದೆ 2001–02ರಲ್ಲಿ ಕಾಫಿಯ ಬೆಲೆ ನೆಲಕಚ್ಚಿ, ಬ್ಯಾಂಕಿನ ಕಾಗದಗಳು ಒಂದರ ಮೇಲೊಂದು ಬಂದಾಗ ರಾತ್ರಿ ನಿದ್ರೆ ಇರಲಿಲ್ಲ. ಆ ದಿನಗಳಲ್ಲಿ ಮನೆಯ ಗೋಡೆಯಲ್ಲಿ ಕೋವಿ ತೂಗುತ್ತಿರಲಿಲ್ಲವೆಂಬುದು ನಮ್ಮ ಪುಣ್ಯವೆಂದೇ ಇಂದಿಗೂ ಭಾವಿಸುತ್ತೇವೆ.

ಆದ್ದರಿಂದ ನಷ್ಟವಾದ ದಿನ ಅರ್ಜಿ ಬರೆಯಬೇಡಿ. ಒಂದು ಕೊಯ್ಲು ಕಳೆಯಲಿ. ಮನೆಯವರೊಡನೆ ಕುಳಿತು ಲೆಕ್ಕ ಹಾಕಿ. ಆಗಲೂ ಬೇಕೆನಿಸಿದರೆ ಕಚೇರಿಗೆ ಬನ್ನಿ, ಅರ್ಜಿ ಬರೆಯಲು ನೆರವಾಗುತ್ತೇವೆ. ಸಾಲದ ಚಿಂತೆಯಾದರೆ ಕೊಯ್ಲಿಗೂ ಕಾಯಬೇಡಿ, ಆ ದಿನವೇ ಬನ್ನಿ.