ಮಾತಿನ ಮರ್ಯಾದೆ

ವ್ಯಾಕರಣದ ತಪ್ಪಿಲ್ಲದೆ ಇಂಗ್ಲಿಷ್ ಮಾತನಾಡಬಲ್ಲವನು ಆ ಭಾಷೆಯನ್ನು ಪೂರ್ಣವಾಗಿ ಬಲ್ಲನೆಂದು ಹೇಳಲಾಗದು. ಕನ್ನಡದಲ್ಲಿ ಗೌರವವು ಕ್ರಿಯಾಪದದ ತುದಿಯಲ್ಲಿಯೇ ನೆಲಸಿದೆ. ‘ಪುಸ್ತಕ ಕೊಡು’ ಎಂಬುದು ‘ಪುಸ್ತಕ ಕೊಡಿ’ ಎಂದಾದೊಡನೆ ಆಜ್ಞೆಯು ಕೋರಿಕೆಯಾಗುತ್ತದೆ. ಇಂಗ್ಲಿಷಿನ ‘ಗಿವ್’ ಎಂಬ ಪದಕ್ಕೆ ಇಂತಹ ಪ್ರತ್ಯಯವಿಲ್ಲ. ಆದುದರಿಂದ ನಮ್ಮ ವಿದ್ಯಾರ್ಥಿಯು ಮನಸ್ಸಿನಲ್ಲಿ ‘ಕೊಡಿ’ ಎಂದುಕೊಂಡು ‘ಗಿವ್ ಮಿ ದ ಬುಕ್’ ಎಂದರೆ, ಕೇಳಿದವರ ಕಿವಿಗೆ ಮುಟ್ಟುವುದು ‘ಕೊಡು’ ಮಾತ್ರ! ಅಲ್ಲಿ ವಿನಯವು ಪ್ರಶ್ನೆಯ ರೂಪವನ್ನು ತಾಳುತ್ತದೆ: ‘ಕುಡ್ ಯು ಗಿವ್ ಮಿ ದ ಬುಕ್?’ ಇದನ್ನು ಕೇವಲ ಪ್ರಶ್ನೆಯೆಂದು ಬಗೆದು ‘ಯೆಸ್’ ಎಂದು ಸುಮ್ಮನೆ ನಿಂತವನಿಗೆ ಪದಗಳೆಲ್ಲ ತಿಳಿದಿವೆ, ಕೇಳಿದವರ ಉದ್ದೇಶ ತಿಳಿದಿಲ್ಲ.

ಜೆನ್ನಿ ಥಾಮಸ್ ಎಂಬ ಭಾಷಾವಿಜ್ಞಾನಿ 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಅಪಾಯವನ್ನು ವಿವರಿಸಿದರು. ವ್ಯಾಕರಣ ತಪ್ಪಿದರೆ ಕೇಳುವವರು ‘ಭಾಷೆ ಬಾರದು’ ಎಂದು ಕ್ಷಮಿಸುತ್ತಾರೆ. ವ್ಯಾಕರಣ ಸರಿಯಿದ್ದು ರೀತಿ ತಪ್ಪಿದರೆ ‘ಒರಟ’ನೆಂದು ಎಣಿಸುತ್ತಾರೆ. ಚೆನ್ನಾಗಿ ಕಲಿತವನಿಗೇ ಈ ಅಪಾಯ ಹೆಚ್ಚೆಂಬುದು ವಿಚಿತ್ರವಲ್ಲವೆ?

ಬಾಯಿಪಾಠದಿಂದ ಇದು ಬಾರದು. ‘ಪ್ಲೀಸ್’ ಎಂಬುದನ್ನು ಎಲ್ಲೆಡೆ ಅಂಟಿಸುವುದೂ ಸಾಲದು. ಒಂದೇ ಕೋರಿಕೆಯನ್ನು ಗೆಳೆಯನಲ್ಲಿ, ಗ್ರಂಥಪಾಲಕರಲ್ಲಿ, ಅಪರಿಚಿತರಲ್ಲಿ ಹೇಗೆ ಮುಂದಿಡುವರೆಂಬುದನ್ನು ತರಗತಿಯಲ್ಲಿ ಆಡಿಸಿ, ಇದು ಯಾರು ಯಾರಿಗೆ ಹೇಳುವ ಮಾತೆಂದು ವಿದ್ಯಾರ್ಥಿಗಳನ್ನೇ ಕೇಳಬೇಕು. ಆಪ್ತ ಗೆಳೆಯನಲ್ಲಿ ಅತಿವಿನಯ ತೋರಿದರೆ ಅವನು ಅಣಕವೆಂದು ಮುನಿದಾನು.